ಹಿತ್ತಲಲ್ಲಿ ಎರಡನೆಯ ಒಲೆ

ಅಮೆರಿಕದ ಬಹಳಷ್ಟು ಊರುಗಳಲ್ಲಿ ಹಿತ್ತಲಿನ ಕಟ್ಟಡ ಮನೆಯೋ ಅಲ್ಲವೋ ಎಂದು ತೀರ್ಮಾನಿಸುತ್ತಿದ್ದದ್ದು ಒಲೆ. ಅಲ್ಲಿ ಮಂಚ ಹಾಕಬಹುದಿತ್ತು, ಬಚ್ಚಲು ಕಟ್ಟಿಸಬಹುದಿತ್ತು, ಒಂದು ಸಿಂಕು, ಚಿಕ್ಕ ಫ್ರಿಜ್ಜು ಇಡಬಹುದಿತ್ತು. ಅಲ್ಲಿಯ ತನಕ ಅದು ನೆಂಟರ ಕೋಣೆ, ಆಟದ ಕೋಣೆ, ಚಿತ್ರ ಬರೆಯುವ ಕೋಣೆ, ಏನು ಬೇಕಾದರೂ ಆಗಿರಬಹುದು. ಒಲೆ ಬಂತೋ, ಕಾಯಿದೆಯ ಕಣ್ಣಲ್ಲಿ ಅದು ಇನ್ನೊಂದು ಮನೆ. ಒಂದು ಸೈಟಿಗೆ ಒಂದೇ ಮನೆ ಎಂದು ಬರೆದಿಟ್ಟ ಬಡಾವಣೆಯಲ್ಲಿ ಇನ್ನೊಂದು ಮನೆ ಎಂದರೆ ದಂಡ. ತಪಾಸಣೆಗೆ ಬಂದ ಅಧಿಕಾರಿ ಮೊದಲು ಒಲೆ ಹುಡುಕುತ್ತಿದ್ದ. ಅದು ಕಾಣದಿದ್ದರೆ ಗ್ಯಾಸಿನ ಕೊಳವೆ, ಅದೂ ಇಲ್ಲದಿದ್ದರೆ ಕರೆಂಟಿನ ಒಲೆಗೆ ಬೇಕಾದ 220 ವೋಲ್ಟಿನ ಪ್ಲಗ್ಗು. ಸಿಕ್ಕಿಬಿದ್ದವರು ಒಲೆ ಕಿತ್ತು ಗ್ಯಾಸಿನ ಬಾಯಿ ಮುಚ್ಚಿಸಬೇಕಿತ್ತು. ಅಧಿಕಾರಿ ಗೇಟು ದಾಟಿ ಹೋದ ಮೇಲೆ ಬೀರುವಿನಿಂದ ಹಾಟ್‌ಪ್ಲೇಟ್ ಹೊರಗೆ ಬರುತ್ತಿತ್ತು.

ಕನ್ನಡದವರಿಗೆ ಈ ತರ್ಕ ಪೂರ್ತಿ ಹೊಸದೇನಲ್ಲ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ‘ಒಲೆ ಬೇರೆ ಮಾಡಿಕೊಂಡರು’ ಎಂದರೆ ಮನೆ ಪಾಲಾಯಿತು ಎಂದೇ ಅರ್ಥ. ಗೋಡೆ ಏಳುವುದು ಆಮೇಲಿನ ಮಾತು. ನಮ್ಮ ಜನಗಣತಿ ಕೂಡ ಒಂದು ಕುಟುಂಬ ಯಾವುದು ಎಂದು ಗುರುತಿಸುವುದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಯಾರು ಎಂಬುದರ ಮೇಲೆ. ಆದರೆ ಇಲ್ಲಿ ಒಲೆ ಇರುವುದು ಜನರನ್ನು ಎಣಿಸುವುದಕ್ಕೆ. ಅಲ್ಲಿ ಸುಮಾರು ನೂರು ವರ್ಷ ಅದನ್ನು ಬಳಸಿದ್ದು ಬಡಾವಣೆಯೊಳಗೆ ಯಾರು ಬರಬಾರದು ಎಂದು ತೀರ್ಮಾನಿಸುವುದಕ್ಕೆ.

ಈ ಹಿತ್ತಲ ಮನೆಗೆ ಈಗಿನ ಕಾನೂನು ಹೆಸರು ಆಕ್ಸೆಸರಿ ಡ್ವೆಲಿಂಗ್ ಯೂನಿಟ್, ಚಿಕ್ಕದಾಗಿ ಎಡಿಯು. ಅನುವಾದ ಮಾಡಿ ಹೊಟ್ಟೆ ಹೊರೆಯುವ ನನಗೆ ಇದು ಕೈಗೆ ಸಿಗದೆ ಜಾರುವ ಪದ. ಕನ್ನಡದಲ್ಲಿ ಆಕ್ಸೆಸರಿ ಎಂದರೆ ಮೊಬೈಲಿನ ಕವರು, ಕಾರಿನ ಸೀಟುಹೊದಿಕೆ. ಕಾನೂನಿನ ಇಂಗ್ಲಿಷಿನಲ್ಲಿ ಅದರ ಅರ್ಥ ಮುಖ್ಯವಾದದ್ದಕ್ಕೆ ಅಂಟಿಕೊಂಡು, ಅದಕ್ಕೆ ಅಧೀನವಾಗಿ ಇರುವಂಥದ್ದು. ಜನರು ಇಟ್ಟ ಹೆಸರುಗಳು ಬೇರೆ: ಗ್ರ್ಯಾನಿ ಫ್ಲ್ಯಾಟ್, ಇನ್-ಲಾ ಯೂನಿಟ್, ಕಸೀಟಾ, ಕ್ಯಾರೇಜ್ ಹೌಸ್. 1974ರಿಂದ ಹತ್ತು ವರ್ಷ ನಡೆದ ‘ಹ್ಯಾಪಿ ಡೇಸ್’ ಎಂಬ ಟಿವಿ ಧಾರಾವಾಹಿಯಲ್ಲಿ ಫಾಂಜಿ ಎಂಬ ಚರ್ಮದ ಜಾಕೀಟಿನ ಹುಡುಗ ಪಕ್ಕದವರ ಗ್ಯಾರೇಜಿನ ಮೇಲೆ ಬಾಡಿಗೆಗಿದ್ದ, ಹಾಗಾಗಿ ಫಾಂಜಿ ಫ್ಲ್ಯಾಟ್ ಎಂದೂ ಕರೆದರು. ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಅರ್ಧದಷ್ಟು ಹೆಸರುಗಳು ಕಟ್ಟಡದ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಳಗೆ ಯಾರಿದ್ದಾರೆ ಎಂದು ಹೇಳುತ್ತವೆ. ಅಜ್ಜಿ, ಅತ್ತೆ, ಪರಿಚಯದ ಹುಡುಗ. ಹೆದರಬೇಡಿ, ಗೊತ್ತಿರುವವರೇ ಎಂದು ಪಕ್ಕದ ಮನೆಯವರಿಗೆ ಭರವಸೆ ಕೊಡುವ ಹೆಸರುಗಳು ಇವು. ಆ ಭರವಸೆ ಯಾಕೆ ಬೇಕಾಯಿತು ಎಂಬುದಕ್ಕೆ ಹಿಂದೆ ಹೋಗಬೇಕು.

ಹಿತ್ತಲಲ್ಲಿ ಜನ ವಾಸಿಸುವುದು ಅಮೆರಿಕದಲ್ಲಿ ಆ ದೇಶದಷ್ಟೇ ಹಳೆಯದು. ದಕ್ಷಿಣದ ಚಾರ್ಲ್ಸ್ಟನ್ ಊರಿನ ಶ್ರೀಮಂತರ ಮನೆಗಳ ಹಿಂದೆ ಪ್ರತ್ಯೇಕ ಅಡುಗೆಮನೆ ಇರುತ್ತಿತ್ತು. ಅದರ ಮೇಲಿನ ಕೋಣೆಗಳಲ್ಲಿ, ಎತ್ತರದ ಕಾಂಪೌಂಡು ಗೋಡೆಯ ಒಳಗೆ, ಗುಲಾಮರು ಮಲಗುತ್ತಿದ್ದರು. ಆಗ ಹಿತ್ತಲಿನ ಒಲೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಅಂತರ್ಯುದ್ಧ ಮುಗಿದು ಬಿಡುಗಡೆಯಾದವರು ವಾಷಿಂಗ್ಟನ್ನಿಗೆ ಬಂದಾಗ ಅಲ್ಲಿ ಬೀದಿಯ ಸಾಲುಮನೆಗಳ ಹಿಂಬದಿಯ ಓಣಿಗಳಲ್ಲಿ ಪುಟ್ಟ ಮನೆಗಳು ಎದ್ದವು. ಬೀದಿಯಲ್ಲಿ ನಡೆಯುವವರಿಗೆ ಅವು ಕಾಣುತ್ತಲೂ ಇರಲಿಲ್ಲ. 19ನೆಯ ಶತಮಾನದ ಕೊನೆಗೆ ಅಲ್ಲಿ ಸುಮಾರು 17 ಸಾವಿರ ಜನರಿದ್ದರು, ಹೆಚ್ಚಿನವರು ಕರಿಯರು. ನೀರಿಲ್ಲ, ಚರಂಡಿಯಿಲ್ಲ, ಕ್ಷಯ ಹರಡುತ್ತದೆ ಎಂದು ಸುಧಾರಕರು ಕೂಗಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನೀರು, ಚರಂಡಿ ಕೊಡುವುದಕ್ಕಿಂತ ಮನೆಯನ್ನೇ ಇಲ್ಲವಾಗಿಸುವುದು ಅವರಿಗೆ ಸುಲಭವಾಗಿ ಕಂಡಿತು. 1892ರಲ್ಲಿ ಇಕ್ಕಟ್ಟು ಓಣಿಗಳಲ್ಲಿ ಹೊಸ ಮನೆ ಕಟ್ಟುವುದನ್ನು ನಿಲ್ಲಿಸಿದರು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್‌ರ ಹೆಂಡತಿ ಎಲೆನ್ ಅವರ ಕೊನೆಯ ಆಸೆಯೆಂದು, ಓಣಿ ಮನೆಗಳನ್ನೆಲ್ಲ ತೆರವು ಮಾಡುವ ಕಾಯಿದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಮೊದಲ ಮಹಾಯುದ್ಧ ಬಂದು ಊರಲ್ಲಿ ಮನೆಗಳೇ ಸಿಗದಂತಾದಾಗ ಅದು ಜಾರಿಯಾಗದೆ ಉಳಿಯಿತು. ಮುಂದೆ ಕ್ಯಾಪಿಟಲ್ ಹಿಲ್, ಜಾರ್ಜ್‌ಟೌನ್ ಕಡೆ ಉಳಿದುಕೊಂಡ ಅದೇ ಓಣಿ ಮನೆಗಳನ್ನು ಉಳ್ಳವರು ಕೊಂಡು ಸುಣ್ಣಬಣ್ಣ ಬಳಿಸಿದರು. ಇವತ್ತು ಅವು ದುಬಾರಿ ವಿಳಾಸಗಳು.

ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1916ರಲ್ಲಿ ಬರ್ಕ್ಲಿ ನಗರ ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಎಂಬ ವಲಯಗಳನ್ನು ಗುರುತಿಸಿತು. ಹಾಗೆ ಮಾಡಿದ ಮೊದಲ ಊರುಗಳಲ್ಲಿ ಅದೂ ಒಂದು. ಮರುವರ್ಷ ಸುಪ್ರೀಂ ಕೋರ್ಟು ಲೂಯಿವಿಲ್ ನಗರದ ಪ್ರಕರಣದಲ್ಲಿ ಜನಾಂಗ ನೋಡಿ ಬೀದಿಗಳನ್ನು ಹಂಚುವುದನ್ನು ತಳ್ಳಿಹಾಕಿತು. ಬಣ್ಣದ ಹೆಸರು ಹೇಳಿ ಹೊರಗಿಡುವ ದಾರಿ ಹೀಗೆ ಮುಚ್ಚಿತು, ಮನೆಯ ಬಗೆ ನೋಡಿ ಹೊರಗಿಡುವ ದಾರಿ ತೆರೆದೇ ಇತ್ತು. 1926ರಲ್ಲಿ ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಪುಟ್ಟ ಊರಿನ ಪ್ರಕರಣದಲ್ಲಿ ಅದೇ ಕೋರ್ಟು ಈ ವಲಯ ಪದ್ಧತಿಗೆ ಮುದ್ರೆ ಒತ್ತಿತು. ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಬಿಡಿಮನೆಗಳ ಬೀದಿಗೆ ಬರುವ ಅಪಾರ್ಟ್‌ಮೆಂಟನ್ನು ಪರಾವಲಂಬಿಗೆ ಹೋಲಿಸಿದರು. ಬಂದಳಿಕೆ ಎಂಬುದು ಇದಕ್ಕೆ ನಮ್ಮಲ್ಲಿರುವ ಪದ. ಬಿಸಿಲು, ಗಾಳಿ, ಮಕ್ಕಳ ಆಟದ ಜಾಗವನ್ನು ಅದು ಹೀರಿಬಿಡುತ್ತದೆ ಎಂಬುದು ಅವರ ವಾದ. ಇವತ್ತಿಗೂ ಹಿತ್ತಲ ಮನೆ ಬೇಡ ಎನ್ನುವವರ ಮಾತಿನಲ್ಲಿ ಆ ಪಟ್ಟಿಯೇ ಮರಳಿ ಬರುತ್ತದೆ.

ಯುದ್ಧ ಬಂದಾಗ ಎಲ್ಲ ನಿಯಮಗಳೂ ಸಡಿಲಾದವು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿರುವ ರಿಚ್ಮಂಡ್‌ನಲ್ಲಿ 1940ರಲ್ಲಿ ಇದ್ದವರು ಸುಮಾರು 23 ಸಾವಿರ ಜನ. ಹಡಗು ಕಟ್ಟುವ ಕೆಲಸ ಶುರುವಾಗಿ ಮೂರೇ ವರ್ಷಕ್ಕೆ ಅದು 90 ಸಾವಿರ ದಾಟಿತು. ರಾತ್ರಿ ಪಾಳಿಯವನು ಎದ್ದ ಹಾಸಿಗೆಯಲ್ಲಿ ಹಗಲು ಪಾಳಿ ಮುಗಿಸಿದವನು ಮಲಗುತ್ತಿದ್ದ. ಮನೆಯಲ್ಲಿ ಖಾಲಿ ಕೋಣೆ ಇದ್ದವರು ಕೆಲಸಗಾರರಿಗೆ ಕೊಡುವುದು ದೇಶಸೇವೆ ಎಂದು ಸರ್ಕಾರವೇ ಪ್ರಚಾರ ಮಾಡಿತು. ಸ್ಯಾನ್ ಫ್ರಾನ್ಸಿಸ್ಕೋದ ಮನೆಗಳ ನೆಲಮಾಳಿಗೆಯಲ್ಲಿ, ಗ್ಯಾರೇಜಿನ ಹಿಂದೆ ಇರುವ ಎಷ್ಟೋ ಇನ್-ಲಾ ಯೂನಿಟ್ಟುಗಳು ಹುಟ್ಟಿದ್ದು ಆಗ. ಯುದ್ಧ ಮುಗಿಯಿತು, ಸರ್ಕಾರದ ಸಾಲದಿಂದ ಹೊಸ ಉಪನಗರಗಳು ಎದ್ದವು, ಎರಡನೆಯ ಒಲೆ ಮತ್ತೆ ಅಪರಾಧವಾಯಿತು.

ಇಲ್ಲಿಂದ ಮುಂದೆ ‘ಒಂದು ಕುಟುಂಬದ ಮನೆ’ ಎಂಬಲ್ಲಿ ಕುಟುಂಬ ಎಂದರೆ ಯಾರು ಎಂಬ ಪ್ರಶ್ನೆ ಎದ್ದಿತು. ಊರೂರೂ ಅದಕ್ಕೆ ತನ್ನದೇ ವ್ಯಾಖ್ಯೆ ಬರೆದುಕೊಂಡಿತು. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಹಳ್ಳಿಯಲ್ಲಿ ಆರು ಜನ ಕಾಲೇಜು ವಿದ್ಯಾರ್ಥಿಗಳು ಒಂದು ಮನೆ ಬಾಡಿಗೆಗೆ ಹಿಡಿದದ್ದು ತಪ್ಪು, ರಕ್ತಸಂಬಂಧವಿಲ್ಲದವರು ಇಬ್ಬರಿಗಿಂತ ಹೆಚ್ಚು ಇರಬಾರದು ಎಂಬ ನಿಯಮ ಸರಿ ಎಂದು ಸುಪ್ರೀಂ ಕೋರ್ಟು ಹೇಳಿತು. ಮೂರು ವರ್ಷ ಕಳೆದು ಅದೇ ಕೋರ್ಟಿನ ಮುಂದೆ ಇನೆಜ್ ಮೂರ್ ಎಂಬ ಅಜ್ಜಿ ನಿಂತರು. ಹಿತ್ತಲ ಮನೆಗೂ ಇವರಿಗೂ ನೇರ ಸಂಬಂಧವಿಲ್ಲ, ಇವರದು ಒಂದೇ ಮನೆ, ಒಂದೇ ಒಲೆ. ಆದರೂ ಈ ಇತಿಹಾಸದ ನಡುಗಂಬ ಇವರ ಪ್ರಕರಣವೇ ಎಂದು ನನ್ನ ಎಣಿಕೆ.

ಓಹಾಯೋ ರಾಜ್ಯದ ಈಸ್ಟ್ ಕ್ಲೀವ್‌ಲ್ಯಾಂಡಿನಲ್ಲಿ ಇನೆಜ್ ಮೂರ್ ಅವರ ಜತೆ ಮಗ ಡೇಲ್, ಡೇಲ್‌ನ ಮಗ ಡೇಲ್ ಜೂನಿಯರ್, ಇನ್ನೊಬ್ಬ ಮೊಮ್ಮಗ ಜಾನ್ ಜೂನಿಯರ್ ಇದ್ದರು. ತಾಯಿ ಸತ್ತ ಮೇಲೆ ಜಾನ್ ಅಜ್ಜಿಯ ಮನೆ ಸೇರಿದ್ದ. ಒಬ್ಬ ಮಗ ಮತ್ತು ಅವನ ಮಕ್ಕಳು ಇದ್ದರೆ ಅಲ್ಲಿಯ ನಿಯಮದ ಪ್ರಕಾರ ಕುಟುಂಬವೇ. ಆದರೆ ಬೇರೆ ಬೇರೆ ತಂದೆತಾಯಿಯ ಇಬ್ಬರು ಮೊಮ್ಮಕ್ಕಳು ಇದ್ದರೆ ಅಲ್ಲ. 1973ರ ಆರಂಭದಲ್ಲಿ ನಗರಾಡಳಿತದಿಂದ ನೋಟೀಸು ಬಂತು. ಅದರಲ್ಲಿ ಆ ಹುಡುಗನನ್ನು ಅಕ್ರಮ ನಿವಾಸಿ ಎಂದು ಕರೆಯಲಾಗಿತ್ತು. ಮೊಮ್ಮಗನನ್ನು ಹೊರಗೆ ಕಳಿಸಲು ಅಜ್ಜಿ ಒಪ್ಪಲಿಲ್ಲ. ಐದು ದಿನ ಜೈಲು, 25 ಡಾಲರ್ ದಂಡ ಎಂದು ಶಿಕ್ಷೆಯಾಯಿತು. 1977ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಅದನ್ನು ರದ್ದು ಮಾಡಿತು. ಒಂದು ಮತ ಆ ಕಡೆ ಬಿದ್ದಿದ್ದರೆ ಅಜ್ಜಿ ಜೈಲಿಗೆ ಹೋಗಬೇಕಿತ್ತು.

ತೀರ್ಪಿನಲ್ಲಿ ಆ ಇಬ್ಬರು ಹುಡುಗರು ಸೋದರರಲ್ಲ, ಕಸಿನ್‌ಗಳು ಎಂಬ ಮಾತು ಬರುತ್ತದೆ. ಇದನ್ನು ಕನ್ನಡಕ್ಕೆ ತರಲು ಕೂತರೆ ಪ್ರಕರಣವೇ ಕರಗಿಹೋಗುತ್ತದೆ. ಅಣ್ಣತಮ್ಮಂದಿರ ಮಕ್ಕಳು ನಮ್ಮಲ್ಲಿ ಅಣ್ಣತಮ್ಮಂದಿರೇ. ದೊಡ್ಡಪ್ಪನ ಮಗನನ್ನು ಅಣ್ಣ ಎನ್ನದೆ ಬೇರೇನನ್ನಾದರೂ ಕರೆಯಲು ನಮ್ಮ ಭಾಷೆಯಲ್ಲಿ ಪದವಿಲ್ಲ. ಭಾಷಾಶಾಸ್ತ್ರದ ಮೊದಲ ವರ್ಷದಲ್ಲೇ ದ್ರಾವಿಡ ಬಂಧುವಾಚಕಗಳು ಎಂದು ಇದನ್ನು ಕಲಿಸುತ್ತಾರೆ, ನಾವು ಪರೀಕ್ಷೆಗೆ ಓದಿ ಮರೆಯುತ್ತೇವೆ. ಆ ಪಟ್ಟಿಗೂ ಜೈಲಿಗೂ ನಂಟಿರಬಹುದು ಎಂದು ಯಾರಿಗೆ ಹೊಳೆದೀತು? ಇನ್ನೊಂದು ಅಂಶವನ್ನೂ ಹೇಳಿಬಿಡಬೇಕು. ಇನೆಜ್ ಮೂರ್ ಕರಿಯ ಹೆಂಗಸು, ಹಾಗೆಯೇ ಈಸ್ಟ್ ಕ್ಲೀವ್‌ಲ್ಯಾಂಡ್ ಆ ಹೊತ್ತಿಗೆ ಕರಿಯರೇ ಹೆಚ್ಚಾಗಿದ್ದ, ಅವರೇ ಆಳುತ್ತಿದ್ದ ಊರು. ಕಷ್ಟಪಟ್ಟು ಉಪನಗರಕ್ಕೆ ಬಂದು ಸೇರಿದವರು ತಮ್ಮ ಬೀದಿ ಮತ್ತೆ ಕಿಕ್ಕಿರಿಯಬಾರದು ಎಂದು ಬಯಸಿ ಆ ನಿಯಮವನ್ನು ಕಾಪಾಡಿಕೊಂಡಿದ್ದರು. ಹೊರಗಿಡುವವರು, ಹೊರಗಾಗುವವರು ಎಂದು ಈ ಇತಿಹಾಸವನ್ನು ಸಲೀಸಾಗಿ ಎರಡು ಪಾಲು ಮಾಡಲಾಗದು.

1980ರ ಹೊತ್ತಿಗೆ ಲೆಕ್ಕಾಚಾರವೇ ತಲೆಕೆಳಗಾಗುತ್ತಿತ್ತು. 1940ರಲ್ಲಿ ಅಮೆರಿಕದ ಒಂದು ಮನೆಯಲ್ಲಿ ಸರಾಸರಿ 3.7 ಜನರಿದ್ದರೆ 1990ಕ್ಕೆ ಅದು 2.6ಕ್ಕೆ ಇಳಿಯಿತು. 1950ರಲ್ಲಿ ಸುಮಾರು ಸಾವಿರ ಚದರಡಿ ಇದ್ದ ಹೊಸ ಮನೆ ಅದೇ ಅವಧಿಯಲ್ಲಿ ಎರಡು ಸಾವಿರ ದಾಟಿತು. ದೊಡ್ಡ ಮನೆ, ಒಂಟಿ ವಿಧವೆ, ಬಾಡಿಗೆ ಕೊಡಲಾಗದ ಮಗಳು ಇನ್ನೊಂದು ಊರಲ್ಲಿ. ಹವಾಯಿ 1981ರಲ್ಲಿ ಒಂದು ದಾರಿ ಹುಡುಕಿತು: ಇರುವ ಮನೆಯ ಜತೆ ಇನ್ನೊಂದು ಮನೆ ಕಟ್ಟಬಹುದು, ಅದರ ಹೆಸರು ಒಹಾನಾ ಮನೆ. ಒಹಾನಾ ಎಂದರೆ ಹವಾಯಿ ಭಾಷೆಯಲ್ಲಿ ಕುಟುಂಬ, ಕೆಸುವಿನ ಗೆಡ್ಡೆಯ ಪಕ್ಕದಲ್ಲಿ ಏಳುವ ಮರಿಗೆ ಇರುವ ಪದದಿಂದ ಬಂದದ್ದು. ನಮ್ಮ ಬಾಳೆಯ ಕಂದಿನ ಹಾಗೆ. ಹೊನೊಲುಲುವಿನಲ್ಲಿ ಆಮೇಲೆ ಆ ಮನೆಗಳಲ್ಲಿ ನಿಜಕ್ಕೂ ಸಂಬಂಧಿಕರೇ ಇರಬೇಕು ಎಂಬ ಷರತ್ತು ಬಿಗಿಯಾಯಿತು. ಯಾರಿಗೆ ಬೇಕಾದರೂ ಬಾಡಿಗೆಗೆ ಕೊಡಬಹುದಾದ ಹಿತ್ತಲ ಮನೆ ಅಲ್ಲಿ ಬಂದದ್ದು 2015ರಲ್ಲಿ.

ಕ್ಯಾಲಿಫೋರ್ನಿಯಾ 1982ರಲ್ಲಿ ಎರಡನೆಯ ಮನೆಗೆ ಅವಕಾಶ ಕೊಡುವ ಕಾಯಿದೆ ಮಾಡಿತು. ಆದರೆ ಅನುಮತಿ ಕೊಡುವ ಅಧಿಕಾರ ಊರುಗಳ ಕೈಯಲ್ಲೇ ಉಳಿಯಿತು, ಊರು ಎಂದರೆ ನೆರೆಹೊರೆಯವರು. ಅರ್ಜಿ ಹಾಕಿದರೆ ಸುತ್ತಲಿನ ಮನೆಗಳಿಗೆ ಪತ್ರ ಹೋಗುತ್ತಿತ್ತು, ಸಂಜೆ ಸಭಾಂಗಣದಲ್ಲಿ ಅಹವಾಲು ನಡೆಯುತ್ತಿತ್ತು. ಅಲ್ಲಿ ಹೇಳುತ್ತಿದ್ದ ಆಕ್ಷೇಪಗಳು ಊರು ಬದಲಾದರೂ ಬದಲಾಗುತ್ತಿರಲಿಲ್ಲ. ಕಾರು ನಿಲ್ಲಿಸಲು ಜಾಗ ಸಾಲದು. ಹೊಸ ಮನೆಯ ಕಿಟಕಿ ನಮ್ಮ ಅಂಗಳವನ್ನು ನೋಡುತ್ತದೆ. ತರಕಾರಿ ಮಡಿಗೆ ಬಿಸಿಲು ಬೀಳದು. ಬಾಡಿಗೆದಾರರಿಗೆ ಬೀದಿಯ ಮೇಲೆ ಪ್ರೀತಿಯಿರದು. ಮತ್ತೆ ಇದೆಲ್ಲದರ ಕೆಳಗೆ, ಹೇಳಿಯೂ ಹೇಳದಂತೆ: ನಮ್ಮ ಮನೆಯ ಬೆಲೆ ಇಳಿಯುತ್ತದೆ. ಅರ್ಥಶಾಸ್ತ್ರಜ್ಞ ವಿಲಿಯಂ ಫಿಷೆಲ್ 2001ರಲ್ಲಿ ಇದನ್ನು ಬಿಡಿಸಿ ಹೇಳಿದರು. ಅಮೆರಿಕದ ಮಧ್ಯಮವರ್ಗದವರ ಬದುಕಿನ ಉಳಿತಾಯವೆಲ್ಲ ಒಂದೇ ಮನೆಯಲ್ಲಿ ಹೂತಿರುತ್ತದೆ. ಬೆಂಕಿಗೆ ವಿಮೆ ಇದೆ, ಪಕ್ಕದ ಸೈಟಿನಲ್ಲಿ ಆಗುವ ಬದಲಾವಣೆಗೆ ವಿಮೆಯಿಲ್ಲ. ಹಾಗಾಗಿ ಸಭೆಗೆ ಬಂದು ಬೇಡ ಎನ್ನುವುದೇ ಅವರ ವಿಮೆ. ಅವರನ್ನು ಕೆಟ್ಟವರೆಂದು ಕರೆದು ಮುಗಿಸುವುದಕ್ಕಿಂತ ಈ ವಿವರಣೆ ನನಗೆ ಹೆಚ್ಚು ಸರಿ ಅನಿಸುತ್ತದೆ. ಆದರೆ ಆ ಸಭೆಯಲ್ಲಿ ಎಂದೂ ಕಾಣದ ಒಬ್ಬರಿದ್ದರು: ಇನ್ನೂ ಕಟ್ಟದ ಆ ಮನೆಗೆ ಮುಂದೆ ಬರಬೇಕಾಗಿದ್ದವರು.

ಅಂಥವರು ಇರುತ್ತಿದ್ದದ್ದು ಎಲ್ಲಿ? ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ 1987ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ಆ ಒಂದು ಕೌಂಟಿಯಲ್ಲೇ ಸುಮಾರು 42 ಸಾವಿರ ಗ್ಯಾರೇಜುಗಳಲ್ಲಿ ಎರಡು ಲಕ್ಷ ಜನ ಬದುಕುತ್ತಿದ್ದರು. ಕಿಟಕಿಯಿಲ್ಲದ, ಒಂದೇ ಬಾಗಿಲಿನ, ಎಕ್ಸ್‌ಟೆನ್ಷನ್ ಕಾರ್ಡಿನಲ್ಲಿ ಕರೆಂಟು ಎಳೆದುಕೊಂಡ ಗ್ಯಾರೇಜುಗಳು. ನಿಷೇಧದಿಂದ ಹಿತ್ತಲ ಮನೆ ಇಲ್ಲವಾಗಲಿಲ್ಲ, ಅದರ ಕಿಟಕಿ ಇಲ್ಲವಾಯಿತು. ಅಲ್ಲಿ ಅಧಿಕಾರಿಗಳು ತಾವಾಗಿಯೇ ಮನೆಮನೆಗೆ ಹೋಗಿ ಹುಡುಕುವುದು ಕಡಿಮೆ, ದೂರು ಬಂದರೆ ಬರುತ್ತಾರೆ. ಅಂದರೆ ಗ್ಯಾರೇಜಿನಲ್ಲಿದ್ದ ಕುಟುಂಬದ ಸೂರು ಉಳಿಯುವುದು ಪಕ್ಕದ ಮನೆಯವರು ಫೋನ್ ಎತ್ತುವುದಿಲ್ಲ ಎಂಬ ನಂಬಿಕೆಯ ಮೇಲೆ. ಮಗು ರಾತ್ರಿ ಅತ್ತರೆ, ಬೇಲಿಯ ವಿಷಯಕ್ಕೆ ಮನೆ ಮಾಲೀಕನಿಗೂ ನೆರೆಯವನಿಗೂ ಮಾತು ಬೆಳೆದರೆ, ಬೀದಿಗೆ ಬೀಳುವವರು ಮೂರನೆಯವರು. ಹಿತ್ತಲ ಮನೆ ನೆರೆಹೊರೆಯನ್ನು ಕೆಡಿಸುತ್ತದೆ ಎನ್ನುವವರು ಈ ಬಗೆಯ ನೆರೆಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಬದಲಾವಣೆ ಕೋರ್ಟಿನಿಂದಲೂ ಶಾಸನಸಭೆಯಿಂದಲೂ ಬಂತು. ಸ್ಯಾಂಟಾ ಮೋನಿಕಾ ನಗರ ಎರಡನೆಯ ಮನೆಯಲ್ಲಿ ಮಾಲೀಕರ ಅವಲಂಬಿತರು ಅಥವಾ ಅವರನ್ನು ನೋಡಿಕೊಳ್ಳುವವರು ಮಾತ್ರ ಇರಬಹುದು ಎಂದಿತ್ತು. ಅಜ್ಜಿ ಬರಬಹುದು, ಆಯಾ ಬರಬಹುದು, ಬೇರೆ ಯಾರೂ ಬರಬಾರದು. 2001ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು. ಮರುವರ್ಷದ ರಾಜ್ಯ ಕಾಯಿದೆ ಅಹವಾಲು ಸಭೆಯನ್ನೇ ತೆಗೆದುಹಾಕಿತು. ನಿಯಮಕ್ಕೆ ಹೊಂದಿದರೆ ಅನುಮತಿ ಕೊಡಲೇಬೇಕು. ಊರುಗಳು ಸುಮ್ಮನಿರಲಿಲ್ಲ. ಇಷ್ಟು ದೊಡ್ಡ ಸೈಟು ಬೇಕು, ಇಷ್ಟು ಕಾರಿಗೆ ಸೂರಿನ ಜಾಗ ಬೇಕು ಎಂದು ಹೊಂದಲಾಗದ ನಿಯಮ ಬರೆದವು. 2016ರ ಕಾಯಿದೆಗಳು ಅದನ್ನೂ ಸಡಿಲಿಸಿದವು, ಸಾರ್ವಜನಿಕ ಸಾರಿಗೆಗೆ ಅರ್ಧ ಮೈಲಿ ದೂರದೊಳಗಿದ್ದರೆ ಪಾರ್ಕಿಂಗ್ ಕೇಳುವಂತಿಲ್ಲ ಎಂದವು. ಕಾನೂನಿನಲ್ಲಿ ‘ಸೆಕೆಂಡ್ ಯೂನಿಟ್’ ಎಂದಿದ್ದದ್ದು ಅದೇ ಸಲ ‘ಆಕ್ಸೆಸರಿ ಡ್ವೆಲಿಂಗ್ ಯೂನಿಟ್’ ಆಯಿತು. 2019ರ ಕಾಯಿದೆಗಳು ಇನ್ನೂ ಮುಂದೆ ಹೋದವು: ಪಕ್ಕಕ್ಕೆ ಮತ್ತು ಹಿಂದಕ್ಕೆ 4 ಅಡಿ ಬಿಟ್ಟು, 16 ಅಡಿ ಎತ್ತರದೊಳಗೆ, 800 ಚದರಡಿಯ ಮನೆಯನ್ನು ಯಾವ ಊರೂ ತಡೆಯುವಂತಿಲ್ಲ. 60 ದಿನದಲ್ಲಿ ತೀರ್ಮಾನ ಹೇಳಬೇಕು. 800 ಚದರಡಿಯ ‘ಪುಟ್ಟ’ ಮನೆ ಎಂದರೆ ಮುಂಬಯಿಯ ಓದುಗರು ನಗುತ್ತಾರೆ ಎಂದು ಗೊತ್ತು, ದಿಲ್ಲಿಯ ಬರ್ಸಾತಿಯಲ್ಲಿ ಎರಡು ಬೇಸಿಗೆ ಕಳೆದವರೂ ನಕ್ಕಾರು.

ಆ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಅಡಿ, ಚದರಡಿ, ದಿನ. ಯಾರು ಇರಬೇಕು ಎಂಬ ಮಾತೇ ಇಲ್ಲ. ಸಂಬಂಧ ಕೇಳುವುದನ್ನು ಬಿಟ್ಟು ಅಳತೆ ಕೇಳಲು ಶುರುಮಾಡಿದ ಮೇಲೆ, ರಾಜ್ಯದಲ್ಲಿ 2016ರಲ್ಲಿ ಸಾವಿರದ ಆಸುಪಾಸು ಇದ್ದ ಅನುಮತಿಗಳು 2022ಕ್ಕೆ 20 ಸಾವಿರ ದಾಟಿದವು. ಬೀದಿಗಳು ಏನಾದವು? ಬೀದಿಯಲ್ಲಿ ನಿಂತರೆ ಹೆಚ್ಚೇನೂ ಕಾಣುವುದಿಲ್ಲ. ಒಂದು ಕಿರು ದಾರಿ, ಇನ್ನೊಂದು ಅಂಚೆಪೆಟ್ಟಿಗೆ. ಕಾರಿನ ಭಯದ ಬಗ್ಗೆ ಪಕ್ಕದ ಆರೆಗಾನ್ ರಾಜ್ಯದಲ್ಲಿ 2013ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಹಿತ್ತಲ ಮನೆಯೊಂದಕ್ಕೆ ಸರಾಸರಿ ಒಂದು ಕಾರೂ ಇರಲಿಲ್ಲ, ಇದ್ದವುಗಳಲ್ಲೂ ಅರ್ಧದಷ್ಟು ಮಾತ್ರ ಬೀದಿಯಲ್ಲಿ ನಿಲ್ಲುತ್ತಿದ್ದವು. ಕಿಟಕಿಯ ಭಯ ಅಷ್ಟು ಹುರುಳಿಲ್ಲದ್ದಲ್ಲ. ಬೇಲಿಯಿಂದ ನಾಲ್ಕೇ ಅಡಿಗೆ ಗೋಡೆ ಎದ್ದರೆ ಮೂವತ್ತು ವರ್ಷ ಆಕಾಶ ನೋಡಿಕೊಂಡು ಬೆಳಗಿನ ಕಾಫಿ ಕುಡಿದವರಿಗೆ ನಷ್ಟವೇ, ಈಗ ಅದನ್ನು ಹೇಳಿಕೊಳ್ಳಲು ಅವರಿಗೆ ಸಭೆಯೂ ಇಲ್ಲ. ಆ ಸಭೆ ಹೋದದ್ದು ಒಳ್ಳೆಯದೇ ಎನ್ನುವವಳು ನಾನು. ಆದರೆ ಬೇಲಿಯ ಆಚೆಯವರ ಜತೆ ಮೊದಲೇ ಕೂತು, ಕಿಟಕಿಯನ್ನು ಒಂದಡಿ ಮೇಲಕ್ಕೆ ಸರಿಸೋಣ ಎನ್ನುವಂಥ ಮಾತುಕತೆಗೆ ಇದ್ದ ನೆಪವೂ ಅದರ ಜತೆಗೇ ಹೋಯಿತು.

ದೊಡ್ಡ ತಕರಾರು ಬೇರೆಯದು. ಹಿತ್ತಲ ಮನೆಗೆ ಎರಡು ಲಕ್ಷ ಡಾಲರ್ ಮೀರಿ ಖರ್ಚಾಗುವುದು ಕ್ಯಾಲಿಫೋರ್ನಿಯಾದಲ್ಲಿ ಮಾಮೂಲು. ಕಟ್ಟಿಸುವವರು ಆಗಲೇ ಮನೆಯಿದ್ದು ಅದರ ಮೇಲೆ ಸಾಲ ಹುಟ್ಟುವವರು. ಕೊಲ್ಲಿ ಪ್ರದೇಶದಲ್ಲಿ ನೆಲೆಸಿದ ನಮ್ಮವರೂ ಇದರಲ್ಲಿದ್ದಾರೆ, ಊರಿಂದ ಬರುವ ಅಪ್ಪ ಅಮ್ಮನಿಗೆ ಮೆಟ್ಟಿಲಿಲ್ಲದ ಕೋಣೆ, ತಮ್ಮದೇ ಅಡುಗೆ ಮಾಡಿಕೊಳ್ಳಲು ಒಲೆ ಎಂದು ಕಟ್ಟಿಸುತ್ತಾರೆ. ಅವರು ಆರು ತಿಂಗಳಿಗೆ ಹೊರಟುಹೋದ ಮೇಲೆ ಬಾಡಿಗೆಗೆ. ಹಳೆಯ ಗ್ಯಾರೇಜುಗಳಲ್ಲಿ ಇದ್ದವರಲ್ಲಿ ಎಷ್ಟು ಜನರಿಗೆ ಆ ಬಾಡಿಗೆ ಕೈಗೆಟುಕುತ್ತದೆ ಎಂಬುದು ಬೇರೆಯೇ ಲೆಕ್ಕ.

2023ರ ಇನ್ನೊಂದು ಕಾಯಿದೆ, ಊರು ಒಪ್ಪುವುದಾದರೆ, ಹಿತ್ತಲ ಮನೆಯನ್ನು ಮುಂದಿನ ಮನೆಯಿಂದ ಬಿಡಿಸಿ ಪ್ರತ್ಯೇಕವಾಗಿ ಮಾರಬಹುದು ಎಂದಿತು. 2024ರಲ್ಲಿ ಸ್ಯಾನ್ ಹೋಸೆ ನಗರ ಮೊದಲು ಒಪ್ಪಿತು. ಈಗ ಅಲ್ಲಿ ಒಂದೇ ಸೈಟಿನಲ್ಲಿ ಇಬ್ಬರು ಮಾಲೀಕರು ಇರಬಹುದು, ಎರಡು ಒಲೆ, ಎರಡು ಕ್ರಯಪತ್ರ. ಹಿತ್ತಲಲ್ಲಿರುವವರು ಯಾರ ಅತ್ತೆಯೂ ಅಲ್ಲ, ಅಜ್ಜಿಯೂ ಅಲ್ಲ, ಬಾಡಿಗೆದಾರರೂ ಅಲ್ಲ. ನೀರಿನ ಕೊಳವೆ, ಓಡಾಡುವ ದಾರಿ, ಮರದ ನೆರಳು ಯಾರ ಪಾಲು ಎಷ್ಟು ಎಂದು ಇಬ್ಬರೂ ಸೇರಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಆ ಕಾಗದದಲ್ಲೂ ಹಿಂದಿನ ಮನೆಗೆ ಇರುವ ಹೆಸರು ಆಕ್ಸೆಸರಿ ಎಂದೇ.